ಹನ್ನೆರಡು ರಾಶಿ, ಹನ್ನೆರಡು ಸಿನಿಮಾ

ಕನ್ನಡ ಚಿತ್ರರಂಗಕ್ಕೂ ಪಂಚಾಂಗಕ್ಕೂ ಇರುವ ನಂಟು ಚಿತ್ರೀಕರಣದ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಕಥೆ ಸಿದ್ಧವಾಗಿ, ಹಣ ಹೂಡುವವರು ದೊರೆತು, ಕಲಾವಿದರು ಒಪ್ಪಿದ ಮೇಲೂ, ಪುರೋಹಿತರು ಗೊತ್ತುಮಾಡಿದ ಲಗ್ನದಲ್ಲಿ ಕ್ಯಾಮೆರಾಕ್ಕೆ ಪೂಜೆ ನಡೆದು ದೇವರ ಪಟದೆದುರು ಮೊದಲ ಕ್ಲ್ಯಾಪ್ ಆಗುವವರೆಗೆ ಸಿನಿಮಾ ಶುರುವಾಯಿತೆಂದು ಹೆಚ್ಚಿನವರು ಹೇಳುವುದಿಲ್ಲ. ಆ ವಿಧಿಗೆ ಮುಹೂರ್ತವೆಂಬ ಹೆಸರೇ ರೂಢಿಯಲ್ಲಿ ನಿಂತಿದೆ. ಹೀಗೆ ಗಳಿಗೆ ನೋಡಿ ಹುಟ್ಟುವ ಸಿನಿಮಾಕ್ಕೆ ರಾಶಿಯೂ ಇರಬೇಕೆಂಬ ಎಣಿಕೆ ಸಹಜವಾದದ್ದು. ಆದರೆ ಆ ರಾಶಿಯನ್ನು ಯಾವುದರಿಂದ ಗುರುತಿಸಬೇಕು, ಬಿಡುಗಡೆಯ ದಿನದಿಂದಲೋ ಅಥವಾ ಸಿನಿಮಾದ ಒಳಗುಣದಿಂದಲೋ ಎಂಬುದು ವಿಚಾರಕ್ಕೆ ತಕ್ಕ ಪ್ರಶ್ನೆ.

ದಿನದ ಲೆಕ್ಕ ಹಿಡಿದರೆ ತೊಡಕು ಕೂಡಲೇ ಎದುರಾಗುತ್ತದೆ. ಕನ್ನಡನಾಡಿನ ರೂಢಿಯಲ್ಲಿ ಒಬ್ಬರ ರಾಶಿಯೆಂದರೆ ಹುಟ್ಟಿದಾಗ ಚಂದ್ರನಿದ್ದ ಮನೆ. ಪಶ್ಚಿಮದ ರೂಢಿಯಲ್ಲಿ ಅದು ಸೂರ್ಯನಿದ್ದ ಮನೆ. ಸೂರ್ಯನ ಮನೆಯನ್ನು ಎಣಿಸುವುದರಲ್ಲಿಯೂ ಎರಡು ಪದ್ಧತಿಗಳಿವೆ: ವಸಂತ ವಿಷುವದ ಬಿಂದುವಿನಿಂದ ಎಣಿಸುವುದು ಸಾಯನ, ಸ್ಥಿರ ನಕ್ಷತ್ರಗಳ ಆಧಾರದಿಂದ ಎಣಿಸುವುದು ನಿರಯನ; ಇವೆರಡರ ನಡುವಿನ ಅಂತರ ಈಗ ಸುಮಾರು 24 ಅಂಶಗಳಷ್ಟಾಗಿದೆ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ 'ಕಾಂತಾರ' ಸಾಯನದ ಪ್ರಕಾರ ತುಲಾ ರಾಶಿಯದಾದರೆ ನಿರಯನದ ಪ್ರಕಾರ ಕನ್ಯಾ ರಾಶಿಯದು. ಆ ಚಿತ್ರವನ್ನು ನೋಡಿದವರಿಗೆ ಎರಡೂ ಅದಕ್ಕೆ ಹೊಂದುವ ಮನೆಗಳಾಗಿ ತೋರುವುದಿಲ್ಲ. ಆದಕಾರಣ ತಾರೀಖನ್ನು ಬದಿಗಿಟ್ಟು, ರಾಶಿಗಳಿಗೆ ಪ್ರಾಚೀನರು ಕೊಟ್ಟ ರೂಪ ಮತ್ತು ಅಧಿಪತಿಗಳನ್ನು ಅಳತೆಗೋಲಾಗಿಸಿ ಇತ್ತೀಚಿನ ಕನ್ನಡ ಸಿನಿಮಾಗಳನ್ನು ನೋಡುವುದು ಹೆಚ್ಚು ಫಲಕಾರಿ. ಗ್ರಹಗಳು ಸಿನಿಮಾದ ಹಣೆಬರಹವನ್ನು ನಿರ್ಧರಿಸುತ್ತವೆಯೇ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಮನುಷ್ಯಸ್ವಭಾವವನ್ನು ಹನ್ನೆರಡು ಚಿತ್ರಗಳಲ್ಲಿ ಹಿಡಿದಿಟ್ಟ ಹಳೆಯ ವಿಂಗಡಣೆಯೊಂದು ಹೊಸ ಕಲೆಯನ್ನು ಕಾಣುವುದಕ್ಕೆ ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಇಲ್ಲಿನ ಜಿಜ್ಞಾಸೆ.

ಆಕಾಶದ ಸೂರ್ಯಪಥವನ್ನು ಹನ್ನೆರಡು ಸಮಭಾಗಗಳಾಗಿ ವಿಂಗಡಿಸುವ ಕ್ರಮ ಬ್ಯಾಬಿಲೋನಿಯದಲ್ಲಿ ರೂಪುಗೊಂಡು, ಗ್ರೀಕರ ಸಂಪರ್ಕದಿಂದ ಭಾರತಕ್ಕೆ ಬಂದು, ಇಲ್ಲಿನ ನಕ್ಷತ್ರಗಣನೆಯೊಡನೆ ಬೆರೆಯಿತು. ಆರನೆಯ ಶತಮಾನದ ವರಾಹಮಿಹಿರನು 'ಬೃಹಜ್ಜಾತಕ'ದಲ್ಲಿ ಈ ರಾಶಿಗಳ ಆಕೃತಿಗಳನ್ನು ಅಡಕವಾಗಿ ವರ್ಣಿಸಿದ್ದಾನೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ಕಂಬಗಳ ಮೇಲೆ ಅವೇ ರಾಶಿಗಳ ಚಿಹ್ನೆಗಳನ್ನು ಶಿಲ್ಪಿಗಳು ಕೆತ್ತಿದ್ದಾರೆ. ಹನ್ನೆರಡು ಮನೆಗಳಿಗೆ ಏಳು ಮಂದಿ ಯಜಮಾನರು: ರವಿ ಮತ್ತು ಚಂದ್ರರಿಗೆ ಒಂದೊಂದು ಮನೆ, ಉಳಿದ ಐವರಿಗೆ ಎರಡೆರಡು. ಒಬ್ಬ ಯಜಮಾನನ ಎರಡು ಮನೆಗಳು ಒಂದೇ ಶಕ್ತಿಯ ಎರಡು ಮುಖಗಳಾಗಿರುವುದರಿಂದ, ಸಿನಿಮಾಗಳನ್ನೂ ಹಾಗೆಯೇ ಜೋಡಿಯಾಗಿ ನೋಡುವುದು ಉಚಿತ.

ಮೊದಲನೆಯವನು ಗ್ರಹಗಳ ಸೇನಾಪತಿಯೆನಿಸಿದ ಕುಜ. ಅವನ ಮನೆಗಳು ಮೇಷ ಮತ್ತು ವೃಶ್ಚಿಕ. ಮೇಷಕ್ಕೆ ಸೂರಿ ನಿರ್ದೇಶನದ 'ಟಗರು' (2018) ಹೆಸರಿನಲ್ಲಿಯೇ ಸಲ್ಲುತ್ತದೆ, ಗುಣದಲ್ಲಿ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಶಿವರಾಜಕುಮಾರ್ ಅಭಿನಯಿಸಿದ ಪೊಲೀಸ್ ಅಧಿಕಾರಿಯು ಅಪರಾಧಲೋಕವನ್ನು ತಲೆಯಿಂದಲೇ ಗುಮ್ಮುತ್ತಾನೆ. ಕಾಲಪುರುಷನೆಂಬ ವಿಶ್ವದೇಹದ ಕಲ್ಪನೆಯಲ್ಲಿ ಮೇಷವು ಶಿರಸ್ಸಿನ ಸ್ಥಾನದಲ್ಲಿರುವುದು ಇಲ್ಲಿ ಸಾರ್ಥಕವಾಗಿದೆ. ಕಾಲಕ್ರಮವನ್ನು ಒಡೆದು, ಹಿಂದು ಮುಂದಾಗಿ ಜೋಡಿಸಿದ ಅದರ ಕಥನವೂ ನೋಡುಗನಿಗೆ ಅಂಥದೇ ಡಿಕ್ಕಿ ಕೊಡುತ್ತದೆ. ವೃಶ್ಚಿಕವಾದರೋ ಕಲ್ಲಿನಡಿಯ ಜೀವಿ. ಹೇಮಂತ್ ಎಂ. ರಾವ್ ಅವರ 'ಕವಲುದಾರಿ' (2019) ಮೆಟ್ರೋ ಕಾಮಗಾರಿಯ ಅಗೆತದಲ್ಲಿ ಸಿಕ್ಕ ಮನುಷ್ಯರ ಎಲುಬುಗಳಿಂದ ಆರಂಭವಾಗಿ, ಎಲ್ಲರೂ ಮರೆತ ಹಳೆಯ ಕೊಲೆಗಳ ಕಡೆಗೆ ಸಾಗುತ್ತದೆ. ಇಲ್ಲಿನ ನಾಯಕನೂ ಪೊಲೀಸನೇ. ಆದರೆ ಸಂಚಾರ ವಿಭಾಗದಲ್ಲಿದ್ದುಕೊಂಡು, ಅನಂತನಾಗ್ ಅವರ ನಿವೃತ್ತ ಅಧಿಕಾರಿಯ ಕಹಿಯಾದ ಮೌನವನ್ನು ಮೆಲ್ಲಗೆ ಬಿಡಿಸುತ್ತ ಸತ್ಯವನ್ನು ಮುಟ್ಟುವವನು. ಕುಜನ ಒಂದು ಮನೆಯಲ್ಲಿ ಸಿಟ್ಟು ಬಯಲಿನಲ್ಲಿ ನುಗ್ಗಿದರೆ, ಇನ್ನೊಂದರಲ್ಲಿ ಅದು ವರ್ಷಗಟ್ಟಲೆ ನೆಲದಡಿ ಕಾದಿರುತ್ತದೆ.

ಶುಕ್ರನು ಹಾಡು, ಕುಣಿತ, ಚೆಲುವು ಮತ್ತು ಬಯಕೆಗಳ ಕಾರಕ, ಎಂದರೆ ಅವುಗಳನ್ನು ಉಂಟುಮಾಡುವವನು. ಅವನ ವೃಷಭ ಪೃಥ್ವೀತತ್ತ್ವದ್ದು, ತುಲಾ ವಾಯುತತ್ತ್ವದ್ದು. ರಾಜ್ ಬಿ. ಶೆಟ್ಟಿ ಅವರ 'ಗರುಡ ಗಮನ ವೃಷಭ ವಾಹನ' (2021) ಮಂಗಳೂರಿನ ಮಂಗಳಾದೇವಿ ಪರಿಸರದ ಹರಿ ಮತ್ತು ಶಿವರ ಕಥೆ. ಗೂಳಿಯ ಸ್ವಭಾವದಂತೆ ಶಿವನು ಕೆಣಕುವವರೆಗೆ ಸುಮ್ಮನಿರುತ್ತಾನೆ, ಕೆಣಕಿದ ಮೇಲೆ ನಿಲ್ಲುವುದಿಲ್ಲ. ತನ್ನವನೆಂದು ಒಮ್ಮೆ ಒಪ್ಪಿಕೊಂಡ ಗೆಳೆಯನನ್ನು ಬಿಟ್ಟುಕೊಡಲಾರದ ಹಟವೇ ಅವನ ಪ್ರೀತಿಯೂ ಹೌದು, ಅವನ ದುರಂತವೂ ಹೌದು. ಕೊಲೆಯ ಬೆನ್ನಿಗೆ ಅವನು ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುವ ದೃಶ್ಯದಲ್ಲಿ ಜನಪದ ಭಕ್ತಿಗೀತೆಯ ಮಾಧುರ್ಯ ಮತ್ತು ರಕ್ತದ ಭೀಕರತೆ ಒಂದೇ ಉಸಿರಿನಲ್ಲಿ ಕೂಡುವುದು ಈಚಿನ ಕನ್ನಡ ಸಿನಿಮಾದ ಅತ್ಯಂತ ತೀವ್ರವಾದ ಕ್ಷಣಗಳಲ್ಲೊಂದು. ತುಲೆಯನ್ನು ವರಾಹಮಿಹಿರನು ತಕ್ಕಡಿ ಹಿಡಿದ ಮನುಷ್ಯನಾಗಿ ಕಂಡಿದ್ದಾನೆ. ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' ಚಿತ್ರದಲ್ಲಿ ಇಬ್ಬರು ವಿದ್ಯಾರ್ಥಿಗಳ ಖಾಸಗಿ ವಿಡಿಯೋ ಬಯಲಾಗಿ ಕಾಲೇಜು ವಿಚಾರಣೆಗೆ ಕುಳಿತಾಗ, ಒಂದೇ ತಪ್ಪು ಹುಡುಗನ ತಟ್ಟೆಯಲ್ಲಿ ಒಂದು ತೂಕವನ್ನು, ಹುಡುಗಿಯ ತಟ್ಟೆಯಲ್ಲಿ ಇನ್ನೊಂದು ತೂಕವನ್ನು ತೋರುತ್ತದೆ. ಜಾತಿ ಮತ್ತು ಲಿಂಗಗಳೇ ಕಣ್ಣಿಗೆ ಕಾಣದ ಬಟ್ಟುಗಳಾಗುತ್ತವೆ. 2022ರ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಇಂಡಿಯನ್ ಪನೋರಮಾ ವಿಭಾಗವು ಈ ಚಿತ್ರದಿಂದಲೇ ಆರಂಭವಾಯಿತು.

ಬುಧನು ಮಾತು ಮತ್ತು ವ್ಯಾಪಾರಗಳಿಗೆ ಒಡೆಯ. ಅವನ ಮಿಥುನವನ್ನು ಪಾಶ್ಚಾತ್ಯರು ಅವಳಿ ಸೋದರರೆಂದು ಚಿತ್ರಿಸಿದರೆ, ವರಾಹಮಿಹಿರನು ಗದೆಯನ್ನೂ ವೀಣೆಯನ್ನೂ ಉಳ್ಳ ಸ್ತ್ರೀಪುರುಷರ ಜೋಡಿಯೆಂದು ವರ್ಣಿಸುತ್ತಾನೆ. 2023ರಲ್ಲಿ ಎರಡು ಭಾಗಗಳಾಗಿ ಬಂದ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರಕ್ಕೆ ಇದಕ್ಕಿಂತ ಒಪ್ಪುವ ಲಾಂಛನ ಸಿಗಲಾರದು. ಪ್ರಿಯಾ ಹಾಡುವವಳು; ಒಡೆಯರ ಮನೆಯವರು ಮಾಡಿದ ಅಪರಾಧವನ್ನು ತನ್ನದೆಂದು ಒಪ್ಪಿಕೊಂಡು ಸೆರೆಮನೆ ಸೇರಿದ ಮನು, ವೀಣೆಯ ಜೊತೆ ತಪ್ಪಿದ ಮೇಲೆ ಗದೆಯನ್ನಷ್ಟೇ ಉಳಿಸಿಕೊಂಡ ಗಂಡಸು. ಹಾಡಿನ ಕ್ಯಾಸೆಟ್ಟಿನ ಎರಡು ಮಗ್ಗುಲುಗಳ ಹೆಸರನ್ನೇ ಎರಡು ಭಾಗಗಳಿಗೂ ಇಟ್ಟ ನಿರ್ದೇಶಕರು, ಒಂದನ್ನು ಕಡಲಿನ ನೀಲಿಯಲ್ಲಿಯೂ ಮತ್ತೊಂದನ್ನು ಕೆಂಪಿನಲ್ಲಿಯೂ ಅದ್ದಿ ತೆಗೆದಿದ್ದಾರೆ. ಬುಧನ ಇನ್ನೊಂದು ಮನೆಯಾದ ಕನ್ಯೆಯು ದೋಣಿಯಲ್ಲಿ ಕುಳಿತು, ಪೈರಿನ ತೆನೆಯನ್ನೂ ಬೆಂಕಿಯನ್ನೂ ಹಿಡಿದ ಹೆಣ್ಣು. ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಶಾಲೆಯೊಂದರ ಬಿಸಿಯೂಟದ ಅಡುಗೆಯವಳ ಕಥೆ. ಅನ್ನವನ್ನೂ ಒಲೆಯನ್ನೂ ನಂಬಿದ ಈ ನಡುವಯಸ್ಸಿನ ಹೆಂಗಸು, ಆರೋಗ್ಯದ ಪುಡಿ ಮಾರುವ ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬ ಸರಪಳಿ ವ್ಯಾಪಾರಕ್ಕೆ ಹಣ ಹಾಕಿ, ನೆರೆಹೊರೆಯವರಿಗೆಲ್ಲ ಮಾತಿನಿಂದ ಭರವಸೆ ತುಂಬುತ್ತ ದಡ ಕಾಣದ ನೀರಿಗೆ ದೋಣಿ ಇಳಿಸುತ್ತಾಳೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಈ ಚಿತ್ರ ಅವಳನ್ನು ಹಾಸ್ಯಕ್ಕೂ ಗುರಿಮಾಡುವುದಿಲ್ಲ, ಮರುಕಕ್ಕೂ ಒಪ್ಪಿಸುವುದಿಲ್ಲ. ಅವಳ ಛಲವನ್ನು ಅದರ ಪೂರ್ಣ ಘನತೆಯಲ್ಲಿ ನಿಲ್ಲಿಸುತ್ತದೆ.

ಚಂದ್ರನಿಗೆ ಕರ್ಕಾಟಕವೊಂದೇ ಮನೆ. ಅದು ಕಾಲಪುರುಷನ ಹೃದಯ. ಏಡಿಯು ಗಟ್ಟಿ ಚಿಪ್ಪಿನೊಳಗೆ ಮೆತ್ತನೆಯ ಒಡಲನ್ನು ಅಡಗಿಸಿಕೊಂಡ ಜೀವಿ. ಸಂದೀಪ್ ಸುಂಕದ್ ನಿರ್ದೇಶನದ 'ಶಾಖಾಹಾರಿ' (2024) ಚಿತ್ರದಲ್ಲಿ ರಂಗಾಯಣ ರಘು ಅವರ ಸುಬ್ಬಣ್ಣ ಮಲೆನಾಡಿನ ಪುಟ್ಟ ಹೋಟೆಲಿನ ಭಟ್ಟ, ಒಂಟಿ ಜೀವ. ಪೊಲೀಸರಿಂದ ತಪ್ಪಿಸಿಕೊಂಡು ಗಾಯಗೊಂಡು ಬಂದವನೊಬ್ಬನಿಗೆ ಅಲ್ಲಿ ಆಸರೆ ಸಿಕ್ಕಿದ ಮೇಲೆ, ಕರುಣೆಯೇ ಸುಬ್ಬಣ್ಣನನ್ನು ಮುಚ್ಚಿಡಬೇಕಾದ ಸಂಗತಿಗಳ ಸುಳಿಗೆ ತಳ್ಳುತ್ತದೆ. ರವಿಗೂ ಸಿಂಹವೊಂದೇ ಮನೆ, ಅವನ ಲೋಹ ಚಿನ್ನ. ಪ್ರಶಾಂತ್ ನೀಲ್ ಅವರ 'ಕೆ.ಜಿ.ಎಫ್: ಅಧ್ಯಾಯ 2' ಈ ಮನೆಗೆ ಎಲ್ಲ ರೀತಿಯಿಂದಲೂ ಹಕ್ಕುದಾರ. 2001ರಲ್ಲಿ ಬಾಗಿಲು ಮುಚ್ಚಿದ ಕೋಲಾರದ ಚಿನ್ನದ ಗಣಿಯನ್ನು ಕಲ್ಪನೆಯ ಸಾಮ್ರಾಜ್ಯವಾಗಿಸಿ, ತಾಯಿಗೆ ಕೊಟ್ಟ ಮಾತಿಗಾಗಿ ಅದರ ದೊರೆಯಾಗುವ ರಾಕಿಯು, ಕೊನೆಯಲ್ಲಿ ಹೊನ್ನಿನ ಸಮೇತ ಕಡಲಿಗೆ ಇಳಿಯುವುದು ಸೂರ್ಯನ ಅಸ್ತಮಾನದ ರೀತಿಯಲ್ಲೇ ಇದೆ. ಈ ಚಿತ್ರ ತೆರೆಕಂಡ 2022ರ ಏಪ್ರಿಲ್ 14ರಂದು ನಿರಯನ ಲೆಕ್ಕದಲ್ಲಿ ರವಿಯು ತನ್ನ ಉಚ್ಚಸ್ಥಾನವಾದ ಮೇಷವನ್ನು ಪ್ರವೇಶಿಸಿದ್ದು, ತಾರೀಖಿನ ಲೆಕ್ಕವೂ ಒಮ್ಮೊಮ್ಮೆ ಗುಣದ ಹತ್ತಿರಕ್ಕೆ ಬರುತ್ತದೆಂಬುದಕ್ಕೆ ಸಾಕ್ಷಿ.

ಗುರುವು ಧರ್ಮ ಮತ್ತು ಜ್ಞಾನಗಳ ಗ್ರಹ. ಅವನ ಎರಡು ಮನೆಗಳೂ ದೂರಪಯಣದವು. ಧನುಸ್ಸು ಸೊಂಟದ ಕೆಳಗೆ ಕುದುರೆಯಾಗಿರುವ ಬಿಲ್ಲುಗಾರ, ಎಂದರೆ ಮನುಷ್ಯ ಮತ್ತು ಪ್ರಾಣಿ ಒಂದೇ ದೇಹದಲ್ಲಿ ಬೆಸೆದ ರೂಪ. ಕಿರಣ್‌ರಾಜ್ ಕೆ. ಅವರ '777 ಚಾರ್ಲಿ' (2022) ಚಿತ್ರದಲ್ಲಿ ಯಾರೊಡನೆಯೂ ಸೇರದ ಯುವಕನೊಬ್ಬ, ರೋಗಕ್ಕೆ ತುತ್ತಾದ ನಾಯಿಗೆ ಹಿಮವನ್ನು ತೋರಿಸಲು ಉತ್ತರದ ಬೆಟ್ಟಗಳವರೆಗೆ ಹೋಗುತ್ತಾನೆ. ದಾರಿ ಸವೆದಂತೆ ಯಾರು ಯಾರನ್ನು ನಡೆಸುತ್ತಿದ್ದಾರೆಂಬುದು ತಿಳಿಯದಷ್ಟು ಇಬ್ಬರೂ ಒಂದಾಗುತ್ತಾರೆ. ರಾಶಿಚಕ್ರದ ಒಂಬತ್ತನೆಯದಾದ ಧನುಸ್ಸು ಧರ್ಮಸ್ಥಾನ, ನಾಯಕನ ಹೆಸರೂ ಧರ್ಮ. ಮೀನವೆಂದರೆ ಒಂದರ ಬಾಲದ ಕಡೆಗೆ ಇನ್ನೊಂದು ಮುಖಮಾಡಿದ ಎರಡು ಮೀನುಗಳು. ಶ್ರೀನಿಧಿ ಬೆಂಗಳೂರು ಅವರ 'ಬ್ಲಿಂಕ್' (2024) ದೇಶದಲ್ಲಲ್ಲ, ಕಾಲದಲ್ಲಿ ಪಯಣಿಸುವ ಕಥೆ. ಅಲ್ಲಿ ಹಿಂದಕ್ಕೂ ಮುಂದಕ್ಕೂ ಏಕಕಾಲದಲ್ಲಿ ಸೆಳೆಯುವ ಪ್ರವಾಹವಿದೆ, ಕಣ್ಣು ಮಿಟುಕಿಸದಿರುವುದೇ ಆ ಪಯಣದ ಕೀಲಿಯಾಗಿದೆ. ಎವೆಯಿಲ್ಲದ ಕಣ್ಣಿನ ಮೀನಿಗೆ ಇಷ್ಟು ಹತ್ತಿರದ ಸಿನಿಮಾ ಇನ್ನೊಂದಿಲ್ಲ.

ಕೊನೆಯ ಯಜಮಾನ ಶನಿ. ಜನಸಾಮಾನ್ಯರು, ದುಡಿಮೆ, ನಿಧಾನವಾಗಿಯಾದರೂ ತಪ್ಪದೆ ಬರುವ ನ್ಯಾಯ ಇವು ಅವನ ವಶದಲ್ಲಿವೆ. ಅವನ ಮಕರಕ್ಕೆ ವರಾಹಮಿಹಿರನು ಜಿಂಕೆಯ ಮುಖವಿಟ್ಟಿದ್ದಾನೆ. ಹೀಗಾಗಿ ಅದು ನೀರಿಗೂ ಕಾಡಿಗೂ ಸೇರಿದ ಜೀವಿ. ಕರಾವಳಿ ಮತ್ತು ಕಾಡು ಕೂಡುವ ನೆಲದ 'ಕಾಂತಾರ' ಸೇರಬೇಕಾದ ಮನೆ ಇದೇ. 1847ರಲ್ಲಿ ರಾಜನೊಬ್ಬ ದೈವದ ಮಾತಿನಂತೆ ಜನರಿಗೆ ಬಿಟ್ಟುಕೊಟ್ಟ ಭೂಮಿಗಾಗಿ 1990ರಲ್ಲಿ ನಡೆಯುವ ಹೋರಾಟದಲ್ಲಿ, ದೈವದ ತೀರ್ಪು ತಲೆಮಾರುಗಳನ್ನು ದಾಟಿ ಬರುತ್ತದೆ. ಹಂದಿಯ ಮೊಗ ಧರಿಸುವ ಪಂಜುರ್ಲಿಯ ಕೋಲದಲ್ಲಿ, ಎಂದರೆ ದೈವವು ಮನುಷ್ಯನ ಮೈಮೇಲೆ ಬಂದು ಊರಿಗೆ ನುಡಿಕೊಡುವ ಆರಾಧನೆಯಲ್ಲಿ, ಪ್ರಾಣಿ, ಮನುಷ್ಯ, ದೇವತೆಗಳ ಎಲ್ಲೆ ಅಳಿಯುವುದನ್ನು ರಿಷಬ್ ಶೆಟ್ಟಿ ಅವರ ಅಭಿನಯ ಮೈನವಿರೇಳುವಂತೆ ಕಾಣಿಸಿತು. ಅದಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಯೂ ಸಂದಿತು. ಕೊಡವನ್ನು ಹೊತ್ತ ಮನುಷ್ಯನ ಕುಂಭ ರಾಶಿಯು ಸ್ನೇಹ ಮತ್ತು ಲಾಭಗಳ ಹನ್ನೊಂದನೆಯ ಸ್ಥಾನ. ಶಶಾಂಕ್ ಸೋಗಾಲ್ ನಿರ್ದೇಶನದ 'ಡೇರ್‌ಡೆವಿಲ್ ಮುಸ್ತಾಫಾ' (2023) ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ್ದು, ಅವರ ಓದುಗರೇ ಹಣ ಸೇರಿಸಿ ನಿರ್ಮಿಸಿದ ಚಿತ್ರ. ತರಗತಿಗೆ ಬಂದ ಒಬ್ಬನೇ ಮುಸ್ಲಿಂ ಹುಡುಗನ ಬಗೆಗಿದ್ದ ಅನುಮಾನ ಕರಗಿ ಗೆಳೆತನವಾಗುವ ಕಥೆಯನ್ನು ಹಲವು ಕೈಗಳು ಕೂಡಿ ತೆರೆಗೆ ತಂದಿರುವುದು ಕುಂಭದ ಸಾಮುದಾಯಿಕ ಗುಣಕ್ಕೆ ನಿಜವಾದ ನಿದರ್ಶನ.

ಹನ್ನೆರಡು ಮನೆಗಳೂ ಹೀಗೆ ತುಂಬಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೆಸರಾಂತ ನಾಯಕರ ಭಾರೀ ಚಿತ್ರಗಳೇ ಚಿತ್ರರಂಗವೆಂದು ಎಣಿಸಿದರೆ ಮೇಷ ಮತ್ತು ಸಿಂಹಗಳಷ್ಟೇ ತುಂಬುತ್ತವೆ; ಕರ್ಕಾಟಕದ ಹೃದಯ, ಕನ್ಯೆಯ ತೆನೆ, ತುಲೆಯ ತಕ್ಕಡಿ, ಕುಂಭದ ಕೂಡುಬಾಳು, ಮೀನದ ಕಾಲಪ್ರಜ್ಞೆ ಇವೆಲ್ಲವೂ ಕಡಿಮೆ ಹಣದಲ್ಲಿ, ಬಹುಪಾಲು ಹೊಸಬರ ಕೈಯಲ್ಲಿ, ಕೆಲವೊಮ್ಮೆ ಓದುಗರ ಜೇಬಿನಿಂದಲೇ ಮೂಡಿದ ಚಿತ್ರಗಳಿಂದ ಬಂದಿವೆ. ಕಾಲಪುರುಷನಿಗೆ ತಲೆಯೊಂದೇ ಸಾಲದು, ಪಾದದವರೆಗಿನ ಎಲ್ಲ ಅಂಗಗಳೂ ಬೇಕು. ಅಬ್ಬರದ ಸಿಂಹ ಬೇಡವೆಂದಲ್ಲ. ಅದು ಗಳಿಸಿಕೊಟ್ಟ ಹೆಸರಿನಿಂದಲೇ ಹೊರನಾಡಿನವರು ಕನ್ನಡ ಸಿನಿಮಾದ ಕಡೆಗೆ ತಿರುಗಿ ನೋಡುವಂತಾಯಿತು. ಆದರೆ ನೋಡಲು ಬಂದವರಿಗೆ ಉಳಿದ ಮನೆಗಳಲ್ಲಿಯೂ ದೀಪ ಕಾಣಬೇಕು.

ಆ ಹೊಣೆ ನಿರ್ಮಾಪಕರದಷ್ಟೇ ಅಲ್ಲ, ಪ್ರೇಕ್ಷಕರದೂ ಹೌದು. ಸಣ್ಣ ಚಿತ್ರವೊಂದು ಶುಕ್ರವಾರ ತೆರೆಕಂಡು, ಭಾನುವಾರದೊಳಗೆ ಆಸನಗಳು ತುಂಬದಿದ್ದರೆ, ಸೋಮವಾರದಿಂದ ಅದರ ಪ್ರದರ್ಶನಗಳು ಕಡಿಮೆಯಾಗುತ್ತ ಹೋಗುತ್ತವೆ; ಒಳ್ಳೆಯದೆಂಬ ಮಾತು ಬಾಯಿಂದ ಬಾಯಿಗೆ ಹರಡುವ ಹೊತ್ತಿಗೆ ಚಿತ್ರಮಂದಿರದಲ್ಲಿ ಅದು ಇರುವುದಿಲ್ಲ. ಆದ್ದರಿಂದ ತಮ್ಮ ಮೆಚ್ಚಿನ ಮನೆಯ ಸಿನಿಮಾವನ್ನು ನೋಡುವ ಕನ್ನಡಿಗರು, ಪರಿಚಯವಿಲ್ಲದ ಮನೆಯ ಒಂದು ಸಿನಿಮಾಕ್ಕೂ ಮೊದಲ ಮೂರು ದಿನಗಳೊಳಗೆ ಟಿಕೆಟ್ ಕೊಳ್ಳಬೇಕು.