ಕಥೆ ಮುಗಿಯುವ ಮೊದಲೇ ಇಟ್ಟ ಹೆಸರು

ಅಮೆರಿಕದಲ್ಲಿ 2011ರಿಂದ 2019ರವರೆಗೆ ಬಿತ್ತರಗೊಂಡ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ‘ಖಲೀಸಿ’ ಎಂಬುದು ಹೆಸರೇ ಅಲ್ಲ. ಕಲ್ಪಿತ ಭಾಷೆಯೊಂದರಲ್ಲಿ ದಳನಾಯಕನ ಪತ್ನಿಗೆ ಸಲ್ಲುವ ಬಿರುದು. ಆ ರಾಣಿಯ ನಿಜನಾಮ ಡೆನೇರಿಸ್. ಆದರೂ ಅಲ್ಲಿನ ಸರ್ಕಾರಿ ದಾಖಲೆಯಂತೆ 2012ರಲ್ಲಿ 146, 2018ರಲ್ಲಿ 560 ಹೆಣ್ಣುಶಿಶುಗಳು ಖಲೀಸಿಯರಾದರು. ದಾಸರ ಸಂಕೋಲೆ ಕಳಚಿದವಳೆಂದು ತಂದೆತಾಯಿಗಳು ಆಕೆಯನ್ನು ಮೆಚ್ಚಿದ್ದು ಸಹಜವೇ. ಆದರೆ 2019ರ ಮೇ ತಿಂಗಳ ಕಂತೊಂದರಲ್ಲಿ ಅದೇ ರಾಣಿ, ಶರಣಾದ ನಗರವನ್ನು ಮಕ್ಕಳುಮರಿಯೆನ್ನದೆ ದಹಿಸಿದಳು.

ವರ್ಷಾಂತ್ಯದ ಲೆಕ್ಕವಾಗುವ ಮೊದಲೇ ಲಾಭವನ್ನು ಬರೆದುಕೊಳ್ಳುವುದನ್ನು ನಾವು ವ್ಯಾಪಾರಿಗಳು ಒಪ್ಪುವುದಿಲ್ಲ. ಖಾತೆಯಾದರೆ ತಿದ್ದಬಹುದು. ಕಥೆಗಾರನ ಕೈಯಲ್ಲಿರುವ ಪಾತ್ರದ ಶೀಲಕ್ಕೆ ಮಗುವಿನ ಹೆಸರನ್ನು ಒತ್ತೆಯಿಡುವುದು ಯುಕ್ತವೆಂದು ನನಗೆ ತೋರುವುದಿಲ್ಲ. ಆ ಮಕ್ಕಳಲ್ಲಿ ಹಿರಿಯರು ಈಗ ಹದಿಹರೆಯದವರು. ಹೆಸರಿನ ಕಾರಣವನ್ನು ಕೇಳಿದರೆ ಹೆತ್ತವರು ಯಾವ ಕಂತಿನವರೆಗೆ ಕಥೆ ಹೇಳಬೇಕು?