ಹಕ್ಕಿಗಳ ಹೆಸರು ಹುಡುಕುತ್ತ ಸಕಲೇಶಪುರದ ಕಡೆಗೆ

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್ ದಾರಿ. ಆಲೂರು ಸಮೀಪಿಸುತ್ತಿದ್ದಂತೆ ಬಯಲಿನ ಹೊಲಗಳು ಹಿಂದೆ ಸರಿದು, ಗುಡ್ಡಗಳೂ ಕಾಫಿ ತೋಟಗಳೂ ಎದುರಾಗತೊಡಗುತ್ತವೆ. ನೆಲ ಬದಲಾದಂತೆ ಹಕ್ಕಿಗಳೂ ಬದಲಾಗುವುದನ್ನು ಕಣ್ಣಾರೆ ಕಾಣಬಯಸುವವರಿಗೆ ಇದು ಒಳ್ಳೆಯ ಪಾಠಶಾಲೆ. ಬಯಲಲ್ಲಿ ಹೆಚ್ಚಾಗಿ ಕಾಣುವುದು ಬಾಲದ ಬುಡವಷ್ಟೇ ಕೆಂಪಾಗಿರುವ ಪಿಕಳಾರ. ಮಲೆನಾಡಿನ ತೋಟಗಳಲ್ಲಿ ಎಲ್ಲೆಲ್ಲೂ ಕಾಣುವುದು, ನೆಟ್ಟಗೆ ನಿಂತ ಕರಿಯ ಜುಟ್ಟೂ ಕಣ್ಣಿನ ಹಿಂದೆ ಕೆಂಪು ಗುರುತೂ ಇರುವ ಕೆಮ್ಮೀಸೆ ಪಿಕಳಾರ. ಈ ದಾಯಾದಿಗಳಿಬ್ಬರನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಮೊದಲ ಪಾಠ ಮುಗಿಯಿತೆಂದೇ ತಿಳಿಯಬೇಕು.

ಮುಂದಿನ ಪಾಠಗಳು ಅಷ್ಟು ಸುಲಭವಲ್ಲ. ತೋಟದೊಳಗೆ ಕಾಲಿಟ್ಟೊಡನೆ ‘ಕುಟ್ರೂ, ಕುಟ್ರೂ’ ಎಂಬ ಕೂಗು ನಮ್ಮನ್ನು ಸುತ್ತುವರಿಯಿತು. ಜೊತೆಯಲ್ಲಿದ್ದ ಮಕ್ಕಳು ದುರ್ಬೀನು ಹಿಡಿದು ಕತ್ತು ನೋಯುವವರೆಗೆ ಹುಡುಕಿದರೂ ಹಸುರೆಲೆಗಳ ಹೊರತು ಬೇರೇನೂ ಕಾಣಲಿಲ್ಲ. ತೋಟದ ಹಿರಿಯ ಕೆಲಸಗಾರರೊಬ್ಬರು ನಕ್ಕು, “ಆ ಎಲೆಯೇ ಕೂಗುತ್ತಿರುವುದು, ನೋಡಿ ಸ್ವಾಮಿ” ಎಂದರು. ಕೊಂಬೆಯ ತುದಿಯ ಹಸುರು ಮುದ್ದೆಯೊಂದು ಆಗ ಕತ್ತು ತಿರುಗಿಸಿತು! ಅದೇ ಕುಟ್ರು ಹಕ್ಕಿ.

ಕಣ್ಣು ಸೋತಾಗ ಕಿವಿಯನ್ನು ನಂಬೋಣವೆಂದರೆ ಅಲ್ಲಿ ಭೀಮರಾಜನ ಕಾಟ. ಬಾಲದಿಂದ ಇಳಿಬಿದ್ದ ಎರಡು ಉದ್ದ ತಂತಿಗಳ ತುದಿಯಲ್ಲಿ ಪುಕ್ಕದ ಕುಚ್ಚುಳ್ಳ ಈ ಕರಿಯ ಹಕ್ಕಿ ಇತರ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ನಿಪುಣ. ಐದಾರು ಹಕ್ಕಿಗಳ ಹೆಸರು ಬರೆದುಕೊಂಡವನಿಗೆ ಕೊನೆಗೆ ಕಾಣಿಸುವುದು ಅದೊಂದೇ! ಬಿಸಿಲೆ ಘಟ್ಟದ ತೊರೆಗಳ ಬಳಿ ಯಾರೋ ಶಾಲಾ ಬಾಲಕ ರಾಗವಿಲ್ಲದೆ ಶಿಳ್ಳೆ ಹಾಕುತ್ತಿರುವಂತೆ ಕೇಳಿದರೆ, ಅದು ಸಿಳ್ಳಾರ. ನೆರಳಿನಲ್ಲಿ ಬರಿಯ ಕಪ್ಪಾಗಿ ಕಾಣುವ ಅದರ ಹಣೆ, ಹೆಗಲುಗಳ ಮೇಲೆ ಬಿಸಿಲು ಬಿದ್ದಾಗ ನೀಲಿ ಹೊಳೆಯುತ್ತದೆ.

ಗಂಡು ಹೆಣ್ಣುಗಳ ಭೇದವೂ ಕಲಿಯುವವರನ್ನು ಕಾಡುತ್ತದೆ. ಗಂಡು ಕೋಗಿಲೆ ಅಚ್ಚ ಕಪ್ಪು. ಹೆಣ್ಣು ಕಂದು ಮೈಯ ತುಂಬ ಬಿಳಿ ಚುಕ್ಕೆ. ಇವೆರಡೂ ದಂಪತಿಗಳೆಂದರೆ ಹೊಸಬರು ನಂಬುವುದಿಲ್ಲ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬರುವ ಪುಟ್ಟ ಉಲಿಯಕ್ಕಿಗಳಂತೂ ಒಂದರಂತೆ ಇನ್ನೊಂದು. ಪಳಗಿದವರೂ ಅವುಗಳ ದನಿ ಕೇಳದೆ ಹೆಸರು ಹೇಳಲು ಹಿಂಜರಿಯುತ್ತಾರೆ.

ಹಾಗಾದರೆ ಕಲಿಯುವುದು ಹೇಗೆ? ಮೊದಲು ಬಣ್ಣವನ್ನು ಮರೆತು ಗಾತ್ರವನ್ನು ನೋಡಬೇಕು: ಗುಬ್ಬಿಯಷ್ಟೋ, ಪಿಕಳಾರದಷ್ಟೋ, ಕಾಗೆಯಷ್ಟೋ? ಬಳಿಕ ಕೊಕ್ಕು, ಬಾಲ, ಕುಳಿತ ಜಾಗ, ಹಾರುವ ರೀತಿ. ಸಲೀಂ ಅಲಿಯವರು 1941ರಲ್ಲಿ ಪ್ರಕಟಿಸಿದ ಭಾರತೀಯ ಪಕ್ಷಿಗಳ ಪುಸ್ತಕ ದೇಶದ ಎಷ್ಟೋ ಜನರಿಗೆ ದಾರಿ ತೋರಿತು. ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಈ ವಿದ್ಯೆಯನ್ನು ಕನ್ನಡದಲ್ಲೇ ಮನೆಮನೆಗೆ ತಲುಪಿಸಿದರು. ಇವುಗಳ ಜೊತೆಗೆ ತೋಟದಲ್ಲಿ ದುಡಿಯುವ ಹಿರಿಯರನ್ನು ಕೇಳಬೇಕು. ಪುಸ್ತಕದಲ್ಲಿ ಸಿಗದ ಎಷ್ಟೋ ಊರ ಹೆಸರುಗಳು ಅವರ ನಾಲಿಗೆಯ ಮೇಲಿವೆ.

ಇದು ಬರಿಯ ವಿನೋದದ ಮಾತಲ್ಲ. ಅತ್ತಿ, ಬಸರಿ, ಗೋಣಿ ಮರಗಳ ಹಣ್ಣನ್ನು ನಂಬಿ ಬದುಕುವ ಹಕ್ಕಿಗಳಲ್ಲಿ ಮಂಗಟ್ಟೆಯೂ ಒಂದು. ಹಳೆಯ ಮರದ ಪೊಟರೆಯೊಳಗೆ ಹೆಣ್ಣು ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಸಣ್ಣ ಸೀಳಿನ ಮೂಲಕ ಗಂಡು ಅದಕ್ಕೆ ಆಹಾರ ಉಣಿಸುತ್ತದೆ. ಇಂತಹ ಮರಗಳನ್ನು ಕಡಿದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟ ತೋಟಗಳು ಮಲೆನಾಡಿನಲ್ಲಿ ಹಲವು. ಮೆಣಸಿನ ಬಳ್ಳಿಗೂ ಮರದ ವ್ಯಾಪಾರಕ್ಕೂ ಅದು ಅನುಕೂಲವೇ ಸರಿ. ಆದರೆ ಅದರಲ್ಲಿ ಮಂಗಟ್ಟೆಗೆ ಹಣ್ಣೂ ಇಲ್ಲ, ಗೂಡಿಗೆ ಪೊಟರೆಯೂ ಇಲ್ಲ.

ಹೆಸರೇ ತಿಳಿಯದ ಹಕ್ಕಿ ಒಂದು ವರ್ಷ ಬಾರದಿದ್ದರೆ ಯಾರೂ ಗಮನಿಸುವುದಿಲ್ಲ. ಹೆಸರು ಬಲ್ಲ ಮಗು ಮಾತ್ರ, “ಈ ಬಾರಿ ಮಂಗಟ್ಟೆ ಏಕೆ ಬರಲಿಲ್ಲ?” ಎಂದು ಕೇಳೀತು. ಆದುದರಿಂದ ಓದುಗ ಬಂಧುಗಳು ರಜೆಯಲ್ಲಿ ಮಕ್ಕಳೊಡನೆ ಈ ಗುಡ್ಡಗಳಿಗೆ ಬಂದಾಗ, ಕೋಟೆ ಜಲಪಾತಗಳ ಜೊತೆಗೆ ಹತ್ತು ಹಕ್ಕಿಗಳ ಹೆಸರನ್ನಾದರೂ ಕಲಿತು ಹೋಗಬೇಕೆಂದು ನಮ್ಮ ಕೋರಿಕೆ.