ಆಷಾಢದ ಬಿಲ್ಲು

ಎರಡು ಕಟ್ಟು ಕೊತ್ತಂಬರಿಗೆ ಐದು ರೂಪಾಯಿ ಬಿಡಿಸಿಕೊಳ್ಳಲು ಬಿಸಿಲಲ್ಲಿ ನಿಂತು ವಾದಿಸುವ ನಾವು, ಕಾರಿನ ಷೋರೂಮಿನ ಗಾಜಿನ ಬಾಗಿಲು ದಾಟಿದ ಕೂಡಲೇ ದಾನಶೂರ ಕರ್ಣರಾಗಿಬಿಡುತ್ತೇವೆ. ಏಸಿಯ ತಂಪು, ಕೇಳದೆಯೇ ಬಂದ ಕಾಫಿ, ಟೈ ಕಟ್ಟಿದ ಹುಡುಗನ ‘ಬನ್ನಿ ಸಾರ್, ಕೂತ್ಕೊಳ್ಳಿ ಮೇಡಂ’ ಎಲ್ಲ ಸೇರಿ ಬಾಯಿ ಕಟ್ಟಿಸುತ್ತವೆ. ಹನ್ನೊಂದು ಲಕ್ಷ ಕೊಡುವವರು ಎಂಟು ಸಾವಿರಕ್ಕೆ ತಕರಾರು ತೆಗೆದರೆ ಏನಂದುಕೊಂಡಾರು! ತರಕಾರಿ ಅಂಗಡಿಯಲ್ಲಿ ಕೊಸರು ಹಾಕುವವನು ಮಾರುವವನು, ಇಲ್ಲಿ ಕೊಳ್ಳುವವನು.

ಹೆಚ್ಚಿಗೆ ಕೊಡುವ ಚಾಳಿ ಹೊಸದೇನಲ್ಲ. ಲೈಸೆನ್ಸ್ ರಾಜ್ ಕಾಲದಲ್ಲಿ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರು ಸರದಿ ಬಂದವನಿಗೆ ‘ಪ್ರೀಮಿಯಂ’ ಕೊಟ್ಟು ಕೊಳ್ಳುತ್ತಿದ್ದರು. ಮನೆಗೆ ತಂದ ದಿನವೇ ಮಾರಿದರೂ ಲಾಭ. ಆ ವ್ಯವಹಾರದಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿತ್ತು ಅನ್ನಬೇಕು. ಕೊಡುತ್ತಿರುವುದು ಹೆಚ್ಚಿಗೆ ಅಂತ ಇಬ್ಬರಿಗೂ ಗೊತ್ತಿರುತ್ತಿತ್ತು. ಈಗ ಅದೇ ದುಡ್ಡು ಗೌರವಸ್ಥ ಹೆಸರಿಟ್ಟುಕೊಂಡು ಕೊಟೇಶನ್ನಿನ ಸಾಲುಗಳಲ್ಲಿ ಕೂತಿರುತ್ತದೆ.

ಆ ಹಾಳೆಯನ್ನು ನಮ್ಮ ಭಾವ ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಲೆಕ್ಕಪರಿಶೋಧನೆಯಲ್ಲಿ ಸವೆದ ಜೀವ. ನಾವೆಲ್ಲ ಬಣ್ಣ ಯಾವುದು ಅಂತ ಜಗಳವಾಡುತ್ತಿದ್ದಾಗ ಅವರ ಬೆರಳು ಒಂದು ಕಡೆ ನಿಂತಿತು.

“ಇದೇನಪ್ಪಾ, ಹ್ಯಾಂಡ್ಲಿಂಗ್ ಚಾರ್ಜು?”

“ಯಾರ್ಡಿಂದ ಷೋರೂಮಿಗೆ ಗಾಡಿ ತರೋದಕ್ಕೆ ಸಾರ್.”

“ಮೇಲೆ ಎಕ್ಸ್-ಷೋರೂಂ ಬೆಲೆ ಅಂತ ಬರೆದಿದೀಯಲ್ಲ. ಗಾಡಿ ಇಲ್ಲಿಗೆ ಬರದೇನೇ ಅದು ಷೋರೂಂ ಬೆಲೆ ಹೇಗಾಯ್ತು?”

ಹುಡುಗ ನಕ್ಕ. ಮ್ಯಾನೇಜರರ ಕೋಣೆಗೆ ಹೋಗಿ ಬಂದು ಆ ಸಾಲಿನ ಮೇಲೆ ಗೀಟು ಎಳೆದ. “ಕೇಳಿದವರಿಗೆ ಹಾಕಲ್ಲ ಸಾರ್” ಅಂದ. ಇಷ್ಟು ನೇರವಾಗಿ ಹೇಳುವವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಕೇಳಿದರೂ ಇಳಿಯದ ಸಾಲು ರಸ್ತೆ ತೆರಿಗೆಯದು. ಕರ್ನಾಟಕದ್ದು ದೇಶದಲ್ಲೇ ದುಬಾರಿ ತೆರಿಗೆಗಳಲ್ಲೊಂದು: ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಹತ್ತು ದಾಟಿದರೆ ಶೇ. 17, ಮೇಲೆ ಸೆಸ್ ಬೇರೆ. ಇಲ್ಲಿ ಚೌಕಾಸಿ ನಡೆಯದು, ಆದರೆ ಗೆರೆ ಎಲ್ಲಿದೆ ಎಂದು ನೋಡಿಕೊಳ್ಳಬಹುದು. 9.80 ಲಕ್ಷದ ಮಾಡೆಲ್ಲಿಗೆ ತೆರಿಗೆ 1,37,200 ರೂಪಾಯಿ. ಸನ್‌ರೂಫ್ ಬೇಕು ಅಂತ ಮಗಳು ಹಟ ಹಿಡಿದ 10.30 ಲಕ್ಷದ್ದಕ್ಕೆ 1,75,100. ಐವತ್ತು ಸಾವಿರದ ಆಕಾಶ ಎಂಬತ್ತೆಂಟು ಸಾವಿರದ ಹತ್ತಿರ ಬಂತು. ಹತ್ತು ಲಕ್ಷ ಮೀರಿದ್ದಕ್ಕೆ ಶೇ. 1ರ ಟಿಸಿಎಸ್ ಸಹ ಸೇರುತ್ತದೆ. ಆದಾಯ ತೆರಿಗೆಯ ರಿಟರ್ನ್ಸ್‌ನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಸಬಹುದು. ಖರ್ಚೆಂದುಕೊಂಡು ಮರೆತವರೇ ಹೆಚ್ಚು. ಬೆಂಗಳೂರಿನ ಬಿಸಿಲು, ಧೂಳು, ಟ್ರಾಫಿಕ್ಕಿನಲ್ಲಿ ಚಾವಣಿ ತೆರೆದು ಏನು ನೋಡುವುದು ಎಂದು ಭಾವ ಕೇಳಿದ್ದಕ್ಕೆ ಮಗಳು ಇನ್ನೂ ಅವರೊಂದಿಗೆ ಮಾತು ಬಿಟ್ಟಿದ್ದಾಳೆ.

ನಿಜವಾದ ಕೊಸರು ಇರುವುದು ವಿಮೆಯಲ್ಲಿ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ದರ ಸರ್ಕಾರ ಗೊತ್ತುಮಾಡಿದ್ದು, ಎಲ್ಲಿ ತೆಗೆದುಕೊಂಡರೂ ಒಂದೇ. ಸ್ವಂತ ಕಾರಿನ ಹಾನಿಗೆ ಮಾಡಿಸುವ ಭಾಗದಲ್ಲಿ ಮಾತ್ರ ಒಂದೊಂದು ಕಡೆ ಒಂದೊಂದು ದರ. ಷೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ಹಳೆಯ ಕಾರಿನಲ್ಲಿ ಐದು ವರ್ಷ ಕ್ಲೇಮು ಮಾಡದಿದ್ದರೆ ಆ ಭಾಗದ ಮೇಲೆ ಶೇ. 50ರ ನೋ ಕ್ಲೇಮ್ ಬೋನಸ್ ಇರುತ್ತದೆ. ಅದು ಕಾರಿಗಲ್ಲ, ಮಾಲೀಕನಿಗೆ ಸೇರಿದ್ದು. ಹಳೆಯದನ್ನು ಮಾರಿ ವಿಮಾ ಕಂಪನಿಯಿಂದ ಪತ್ರ ಪಡೆದರೆ ಹೊಸ ಕಾರಿಗೆ ಬರುತ್ತದೆ. ಕೊಟೇಶನ್ನು ಈ ವಿಷಯದಲ್ಲಿ ಮೌನವ್ರತದಲ್ಲಿತ್ತು. ಹೊರಗಿನ ದರಪಟ್ಟಿಯನ್ನು ಫೋನಿನಲ್ಲಿ ತೋರಿಸಿದ ಮೇಲೆ ವ್ರತ ಮುರಿಯಿತು. ಮ್ಯಾಟು, ಮಡ್‌ಫ್ಲ್ಯಾಪುಗಳ ‘ಬೇಸಿಕ್ ಕಿಟ್’ ಬೇಡ, ಜೆ.ಸಿ. ರಸ್ತೆಯಲ್ಲಿ ಹಾಕಿಸುತ್ತೇವೆ ಅಂದೆವು. ಅಷ್ಟೇ.

ಇಷ್ಟೆಲ್ಲ ಜಾಣತನಕ್ಕಿಂತ ಹೆಚ್ಚು ದುಡ್ಡು ಉಳಿಸಿದ್ದು ಪಂಚಾಂಗ. ಆಯುಧಪೂಜೆಯ ಹೊತ್ತಿಗೆ ಷೋರೂಮಿಗೆ ಹೋದವರಿಗೆ ಕುರ್ಚಿ ಸಿಕ್ಕರೆ ಪುಣ್ಯ. ರಿಯಾಯಿತಿಯ ಮಾತೆತ್ತಿದರೆ ಹಿಂದಿನ ಸಾಲಿನವರು ಮುಂದೆ ಬರುತ್ತಾರೆ. ಆಷಾಢದಲ್ಲಿ ಅದೇ ಜಾಗದಲ್ಲಿ ನೊಣ ಹೊಡೆಯುತ್ತಿರುತ್ತಾರೆ. ಹೊಸದೇನೂ ತರಬಾರದೆಂದು ಊರೆಲ್ಲ ಕೈಕಟ್ಟಿ ಕೂತಿರುವಾಗಲೂ ಕಂಪನಿಯ ತಿಂಗಳ ಟಾರ್ಗೆಟ್ಟಿಗೆ ಆಷಾಢ ಗೊತ್ತಿಲ್ಲ. ಡಿಸೆಂಬರಿನದೂ ಹೀಗೇ: ವರ್ಷಾಂತ್ಯದ ರಿಯಾಯಿತಿ ಶುರುವಾಗಿ ಅರ್ಧ ದಾರಿಗೆ ಬರುವಾಗ ಧನುರ್ಮಾಸ ಅಡ್ಡ ಬರುತ್ತದೆ. ಆದರೆ ಡಿಸೆಂಬರಿನಲ್ಲಿ ತಯಾರಾದ ಕಾರು ಜನವರಿಯಲ್ಲಿ ಕಾಗದದ ಮೇಲೆ ಒಂದು ವರ್ಷ ಹಳತಾಗುತ್ತದೆ, ಮಾರುವಾಗ ಆ ರಿಯಾಯಿತಿಯ ಒಂದು ಪಾಲು ವಾಪಸ್ಸು ಹೋಗುತ್ತದೆ. ಆಷಾಢಕ್ಕೆ ಆ ಐಬಿಲ್ಲ. ನನ್ನ ಮಟ್ಟಿಗೆ ಕಾರು ಕೊಳ್ಳಲು ಅದರಷ್ಟು ಶುಭಮಾಸ ಇನ್ನೊಂದಿಲ್ಲ.

ಇದನ್ನು ಅತ್ತೆಯವರಿಗೆ ಒಪ್ಪಿಸುವುದು ಮ್ಯಾನೇಜರನ್ನು ಒಪ್ಪಿಸಿದಷ್ಟು ಸುಲಭವಿರಲಿಲ್ಲ. ಬುಕಿಂಗ್ ಈಗ, ಉಳಿದದ್ದೆಲ್ಲ ಶ್ರಾವಣದಲ್ಲಿ ಎಂದು ಅವರ ಪಟ್ಟು. ಬಿಲ್ಲು ಈ ತಿಂಗಳೇ ಆಗದಿದ್ದರೆ ಆಫರ್ ಇಲ್ಲ ಎಂದು ಹುಡುಗನ ಪಟ್ಟು. ಕೊನೆಗೆ ಬಿಲ್ಲು ಮಾಡಿಸಿ, ದುಡ್ಡು ಕಟ್ಟಿ, ಕಾರನ್ನು ಭೀಮನ ಅಮಾವಾಸ್ಯೆ ಕಳೆಯುವವರೆಗೆ ಅಲ್ಲೇ ಬಿಡುವುದೆಂದು ತೀರ್ಮಾನವಾಯಿತು. ಅಷ್ಟು ದಿನ ನಿಲ್ಲಿಸಿಕೊಳ್ಳುವುದಕ್ಕೆ ಚಾರ್ಜು ಹಾಕುತ್ತೀರಾ ಎಂದು ಭಾವ ಮೊದಲೇ ಕೇಳಿ, ಇಲ್ಲ ಅಂತ ಬರೆಸಿಕೊಂಡರು.

“ಆಷಾಢದಲ್ಲಿ ದುಡ್ಡು ಕೊಟ್ಟದ್ದು ದೋಷವಲ್ಲವೇ ಅಮ್ಮಾ?” ಎಂದು ಹೆಂಡತಿ ಕೆಣಕಿದಳು.

“ದೋಷ ಇಸ್ಕೊಂಡೋರಿಗೆ” ಅಂದರು ಅತ್ತೆ.